ಮಲ್ಲೇಶ್ವರದ ಭಾನುವಾರದ ಪ್ರೋಟೀನ್ ಕ್ಲಾಸ್: 8 ವಾರ ಕೂತು ಬಂದಮೇಲೆ ಬರೆದದ್ದು

ಮಲ್ಲೇಶ್ವರದಲ್ಲಿ ಒಂದು ಹಳೇ ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ 10ರಿಂದ 12:30ರವರೆಗೆ ಒಂದು ಕ್ಲಾಸ್ ನಡೆಯುತ್ತದೆ. ಒಟ್ಟು 8 ವಾರ. ವಿಷಯ ಕ್ಯಾನ್ಸರ್ ಮತ್ತು ಪ್ರೋಟೀನ್. ಪಾಠವೆಲ್ಲ ಕನ್ನಡದಲ್ಲಿ. ಹೇಳಿಕೊಡುವವರು ಯೂನಿವರ್ಸಿಟಿಯಲ್ಲಿ 28 ವರ್ಷ ಪಾಠ ಮಾಡಿ, ಅದರ ಜೊತೆಗೇ ಕ್ಯಾನ್ಸರಿಗೆ ಸಂಬಂಧಪಟ್ಟ ಒಂದೇ ಒಂದು ಪ್ರೋಟೀನಿನ ಹಿಂದೆ ಬಿದ್ದು ಸಂಶೋಧನೆ ಮಾಡಿ ನಿವೃತ್ತರಾದ ಒಬ್ಬ ಮೇಡಂ. ಹೆಸರು ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಮೇಡಂ ಅಂತಲೇ ಬರೆಯುತ್ತೇನೆ. ಫೀಸು 2,400 ರೂಪಾಯಿ. ಓದುತ್ತಿರುವ ಮಕ್ಕಳಿಗೆ ಫೀಸಿಲ್ಲ. 24 ಕುರ್ಚಿ ಇವೆ, ಅಷ್ಟೇ ಜನ.

ನಾನು ಯಾಕೆ ಸೇರಿದೆ ಅಂತ ಮೊದಲು ಹೇಳಬೇಕು. ನಾನು ಬಿ.ಕಾಂ. ಓದಿದವಳು, ರಾಜಾಜಿನಗರದಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ. ವಿಜ್ಞಾನ ಬಿಟ್ಟಿದ್ದು ಎಸ್ಸೆಸ್ಸೆಲ್ಸಿಗೆ. 6 ವರ್ಷದ ಹಿಂದೆ ಅಮ್ಮನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಸಿಎಂಎಲ್ ಅನ್ನುತ್ತಾರಲ್ಲ, ಅದು. ಡಾಕ್ಟರ್ ಒಂದು ಮಾತ್ರೆ ಬರೆದುಕೊಟ್ಟರು, ಇಮಾಟಿನಿಬ್, 400 ಮಿಲಿಗ್ರಾಂ, ದಿನಕ್ಕೊಂದು, ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಅಂದಿನಿಂದ ಅಮ್ಮ ನುಂಗುತ್ತಿದ್ದಾರೆ. ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇವೆ, ರಿಪೋರ್ಟ್ ಬರುತ್ತದೆ, ಅದರಲ್ಲಿ ಬಿಸಿಆರ್-ಎಬಿಎಲ್ ಅಂತ ಬರೆದು ಮುಂದೆ ಒಂದು ಸಂಖ್ಯೆ ಇರುತ್ತದೆ. ಅದು ಏನು ಅಂತ ಒಮ್ಮೆ ಕೇಳಿದ್ದೆ. ಆಸ್ಪತ್ರೆಯಲ್ಲಿ ಹೊರಗೆ 40 ಜನ ಕಾಯುತ್ತಿದ್ದರು, "ಕಡಿಮೆ ಇದ್ರೆ ಒಳ್ಳೇದಮ್ಮ" ಅಂದರು ಡಾಕ್ಟರ್. ಅವರದ್ದೇನೂ ತಪ್ಪು ಅನ್ನಲ್ಲ, ಅವರಿಗೆ ಟೈಮಿಲ್ಲ. ಆದರೆ 6 ವರ್ಷ ಒಂದು ಸಂಖ್ಯೆ ಮನೆಯವರ ನಿದ್ದೆ ಕೆಡಿಸುತ್ತಿರುವಾಗ ಅದು ಯಾವುದರ ಲೆಕ್ಕ ಅಂತಲೂ ಗೊತ್ತಿಲ್ಲದೆ ಇರುವುದು ಬಹಳ ಕಷ್ಟ. ನಡುವೆ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದ್ದೆ. ಇಂಗ್ಲಿಷಿನಲ್ಲಿ ಸ್ಲೈಡ್ ಓದುತ್ತಾ ಹೋದರು, ಎರಡನೇ ವಾರಕ್ಕೇ ಬಿಟ್ಟೆ.

ಈ ಕ್ಲಾಸಿನ ಸುದ್ದಿ ಹೇಳಿದ್ದು ನಮ್ಮ ಬ್ರಾಂಚಿಗೆ ಪಿಂಚಣಿಗೆ ಬರುವ ಒಬ್ಬರು. "ಹೋಗಿ ನೋಡಮ್ಮ, ಅವರು ಬೋರ್ಡಿನ ಮೇಲೆ ಬರೆಯೋದೇ ಕಡಿಮೆ, ಎಲ್ಲಾ ಕೈಗೆ ಕೊಡ್ತಾರೆ" ಅಂದರು. ಆಗ ಅದರ ಅರ್ಥ ತಿಳಿದಿರಲಿಲ್ಲ.

ಮೊದಲ ವಾರವೇ ತಿಳಿಯಿತು. ಮೇಡಂ ಒಂದು ಸ್ಟೀಲ್ ಡಬ್ಬಿ ತೆಗೆದರು, ಒಳಗಿಂದ ಉದ್ದನೆಯ ಮಣಿ ಸರ ಎಳೆದರು. ಕತ್ತಿಗೆ ಹಾಕುವ ಸರ ಅಲ್ಲ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಾವು ಎಂಟು ಜನ ಹಿಡಿದುಕೊಳ್ಳಬೇಕಾಯಿತು. ಅದರಲ್ಲಿ 393 ಮಣಿ. 20 ಬಗೆಯ ಮಣಿ. ಚಿಕ್ಕಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು ತಂದು, ಮೀನು ಹಿಡಿಯುವ ದಾರದಲ್ಲಿ ಕೂತು ಪೋಣಿಸಿದ್ದಂತೆ. ಇದೇ ಪಿ53 ಎಂಬ ಪ್ರೋಟೀನ್. ಪ್ರೋಟೀನ್ ಅಂದರೆ ಇಷ್ಟೇ, 20 ಬಗೆಯ ಅಮೈನೋ ಆಮ್ಲಗಳನ್ನು ಒಂದು ಲೆಕ್ಕದಲ್ಲಿ ಪೋಣಿಸಿದ ಸರ, ಆದರೆ ಅದು ಸರವಾಗಿ ಉಳಿಯುವುದಿಲ್ಲ, ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರದಿಂದಲೇ ಅದರ ಕೆಲಸ. ಇದನ್ನು ಹೇಳಿ, ಸರದಲ್ಲಿ ಕೆಂಪು ದಾರದ ಗಂಟು ಹಾಕಿದ ಮಣಿಗಳನ್ನು ಹುಡುಕಿ ಅಂದರು. ಒಟ್ಟು ಆರು ಸಿಕ್ಕವು. ಎಣಿಸಿ ಅಂದರು. ತುದಿಯಿಂದ ಎಣಿಸಿದೆವು. 175, 245, 248, 249, 273, 282. ನನ್ನ ಕೈಯಲ್ಲಿದ್ದದ್ದು 248.

ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ53 ಕೆಟ್ಟಿರುತ್ತದೆ. ಹಾಗೆ ಕೆಟ್ಟಾಗ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಜಾಗ ಈ ಆರು. 393ರಲ್ಲಿ ಒಂದು ಮಣಿ ಬದಲಾದರೆ ಸಾಕು. ನನ್ನ ಪಕ್ಕ ಕೂರುತ್ತಿದ್ದ ಅಂಕಲ್ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಟೂಲ್ ರೂಮಿನಲ್ಲಿದ್ದವರು. ಅವರು ಎದ್ದು ಕೇಳಿದರು: "ಅಷ್ಟೂ ಮಣಿ ಸರಿ ಇದ್ದು ಒಂದು ಮಾತ್ರ ಬೇರೆ ಆದ್ರೆ ಇಡೀದು ಯಾಕೆ ಕೆಡಬೇಕು ಮೇಡಂ?" ಮೇಡಂ ಉತ್ತರ ಹೇಳಲಿಲ್ಲ. "ವಾಚಿನಲ್ಲಿ ಒಂದು ಚಕ್ರದ ಒಂದು ಹಲ್ಲು ಮುರಿದ್ರೆ ಏನ್ ಸಾರ್ ಆಗುತ್ತೆ?" ಅಂತ ತಿರುಗಿ ಕೇಳಿದರು. ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಹಲ್ಲು ಅನ್ನೋದರ ಮೇಲೆ" ಅಂದರು. ಅದೇ, ಅಂದರು ಮೇಡಂ. ಪಿ53 ಕೆಲಸ ಮಾಡುವುದು ಡಿಎನ್‌ಎಯನ್ನು ಹಿಡಿದುಕೊಂಡು, 248ನೇ ಮಣಿ ಅದನ್ನು ನೇರವಾಗಿ ಮುಟ್ಟುತ್ತದೆ, ಅದು ಹೋದರೆ ಹಿಡಿತ ಹೋಗುತ್ತದೆ. 175 ಡಿಎನ್‌ಎಯನ್ನು ಮುಟ್ಟುವುದೇ ಇಲ್ಲ, ಆದರೆ ಒಳಗೆ ಒಂದು ಸತುವಿನ ಕಣವನ್ನು ಹಿಡಿದಿಟ್ಟುಕೊಂಡಿರುವ ಜಾಗದ ಪಕ್ಕದಲ್ಲಿದೆ, ಅದು ಹೋದರೆ ಇಡೀ ಆಕಾರವೇ ಸಡಿಲವಾಗುತ್ತದೆ. ಎರಡೂ ಕೆಡುಕೇ, ಆದರೆ ಕೆಡುವ ದಾರಿ ಬೇರೆ.

ಇನ್ನೊಂದು ಮಾತು ಸೇರಿಸಿದರು. ಪಿ53 ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ಸೇರಿ ಒಂದು ಗುಂಪಾಗಬೇಕು. ಪಲ್ಲಕ್ಕಿ ಹೊರುವವರ ಹಾಗೆ. ನಾಲ್ವರಲ್ಲಿ ಒಬ್ಬರ ಹೆಗಲು ಜಾರಿದರೆ ಉಳಿದ ಮೂವರು ಎಷ್ಟು ಗಟ್ಟಿ ಇದ್ದರೂ ಪಲ್ಲಕ್ಕಿ ವಾಲುತ್ತದೆ ಅಲ್ವಾ. ಅದಕ್ಕೇ ಈ ಪ್ರೋಟೀನ್ ಮಾಡುವ ಜೀನಿನಲ್ಲಿ ಅಪ್ಪನಿಂದ ಬಂದ ಪ್ರತಿ ಚೆನ್ನಾಗಿದ್ದು ಅಮ್ಮನಿಂದ ಬಂದದ್ದು ಮಾತ್ರ ಕೆಟ್ಟರೂ, ಕೆಟ್ಟದ್ದು ಒಳ್ಳೆಯದನ್ನೂ ಎಳೆದುಹಾಕಬಹುದು.

ಎರಡನೇ ವಾರದ ಕ್ಲಾಸ್ ನನಗೆ ಎಲ್ಲಕ್ಕಿಂತ ಇಷ್ಟ. ಅವತ್ತು ಜೆಲ್ ಓಡಿಸಿದರು. ಲ್ಯಾಬಿನವರಿಗೆ ಇದು ದಿನನಿತ್ಯದ ಕೆಲಸ, ನಮಗೆ ಮೊದಲ ಸಲ. ಅಂಗೈಯಗಲದ ಎರಡು ಗಾಜಿನ ತಟ್ಟೆ, ನಡುವೆ ಹಾಲ್ಬಾಯಿಯ ತೆಳುವಾದ ಹಾಳೆಯ ಹಾಗೆ ಒಂದು ಜೆಲ್, ಮೇಲೆ ಬಾಚಣಿಗೆಯಿಂದ ಮಾಡಿದ ಗುಳಿಗಳು. ಜೆಲ್ ಅನ್ನು ತಯಾರಾಗಿಯೇ ತಂದಿದ್ದರು, ಅದು ಗಟ್ಟಿಯಾಗುವ ಮೊದಲಿನ ದ್ರವ ನರಗಳಿಗೆ ವಿಷ, ಮನೆಯಲ್ಲಿ ಮಾಡುವಂಥದ್ದಲ್ಲ ಅಂತ ಮೊದಲೇ ಹೇಳಿದರು. ಕೈಗವಸು ಹಾಕಿಕೊಂಡು ಪಿಪೆಟ್ಟಿನಲ್ಲಿ ನೀಲಿ ದ್ರವ ಎಳೆದು, ಉಸಿರು ಬಿಗಿಹಿಡಿದು ಗುಳಿಯೊಳಗೆ ಇಳಿಸಿದರು. ವಯಸ್ಸು 60 ದಾಟಿದೆ, ಕೈ ಒಂದು ಚೂರೂ ನಡುಗಲಿಲ್ಲ. ಆಮೇಲೆ ಸ್ವಿಚ್ ಹಾಕಿದರು. ಕೆಳಗಿನ ತಂತಿಯಿಂದ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಒಂದು ಗಂಟೆಯಲ್ಲಿ ಕಣ್ಣೆದುರಿಗೇ ಆ ಒಂದು ಗೆರೆ ನೀಲಿ, ಕೆಂಪು, ಹಸಿರು ಗೆರೆಗಳಾಗಿ ಒಡೆದು ಏಣಿಯ ಮೆಟ್ಟಿಲ ಹಾಗೆ ಇಳಿಯಿತು.

ಯಾಕೆ ಹಾಗೆ ಅನ್ನುವುದಕ್ಕೆ ಅವರು ಕೊಟ್ಟದ್ದು ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಬುಲ್ ಟೆಂಪಲ್ ರೋಡಿನಲ್ಲಿ ಆ ಜನಜಂಗುಳಿ ನೋಡಿದ್ದೀರಲ್ಲ, ಅಲ್ಲಿ ಮಕ್ಕಳು ಕಾಲಿನ ಸಂದಿಯಲ್ಲಿ ನುಸುಳಿ ಮುಂದೆ ಹೋಗಿಬಿಡುತ್ತಾರೆ, ದೊಡ್ಡವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಜೆಲ್ ಕೂಡ ಅಂಥ ಜಂಗುಳಿ. ಒಂದು ಬಗೆಯ ಸೋಪಿನಂಥ ವಸ್ತು ಹಾಕಿ ಪ್ರೋಟೀನಿನ ಮಡಿಕೆ ಬಿಡಿಸಿ, ಎಲ್ಲದಕ್ಕೂ ಒಂದೇ ಬಗೆಯ ವಿದ್ಯುತ್ ಚಾರ್ಜ್ ಹೊದಿಸಿ ಓಡಿಸಿದರೆ ಸಣ್ಣವು ಕೆಳಗೆ, ದೊಡ್ಡವು ಮೇಲೆ. ನಿಂತ ಜಾಗ ನೋಡಿ ತೂಕ ಹೇಳಬಹುದು.

ಪಿ53ಗೆ ಹೆಸರು ಬಂದದ್ದೇ ಹೀಗೆ. 1979ರಲ್ಲಿ ಹಲವು ಲ್ಯಾಬುಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಇದು ಕಂಡಿತು. ಜೆಲ್ಲಿನಲ್ಲಿ 53 ಸಾವಿರ ತೂಕದ ಜಾಗದಲ್ಲಿ ನಿಂತಿತ್ತು, ಹಾಗಾಗಿ 53. ಆದರೆ ನಿಜವಾದ ತೂಕ 44 ಸಾವಿರದಷ್ಟೂ ಇಲ್ಲ! ಇದರಲ್ಲಿ ಪ್ರೋಲೀನ್ ಎಂಬ ಮಣಿ ಜಾಸ್ತಿ ಇರುವ ಒಂದು ಭಾಗವಿದೆ, ಅದರಿಂದ ಜೆಲ್ಲಿನಲ್ಲಿ ನಿಧಾನಕ್ಕೆ ಇಳಿಯುತ್ತದೆ, ದಪ್ಪ ಇದ್ದ ಹಾಗೆ ಕಾಣಿಸುತ್ತದೆ. ತಪ್ಪು ತೂಕದ ಹೆಸರೇ ಉಳಿದುಕೊಂಡಿತು. "ನಮ್ಮ ವಿಷಯದ ಹೆಸರಲ್ಲೇ ಒಂದು ತಪ್ಪು ಇದೆ, ಅದನ್ನ ನಾನು ಪ್ರತಿ ಬ್ಯಾಚಿಗೂ ಮೊದಲು ಹೇಳ್ತೀನಿ" ಅಂದರು ಮೇಡಂ.

ಇವರ ಪಾಠ ನನಗೆ ಇಷ್ಟವಾಗುವುದು ಇದಕ್ಕೇ. ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಯಾರು ಎಲ್ಲಿ ಎಡವಿದರು, ಎಷ್ಟು ವರ್ಷ ಹೋಯಿತು, ಆಮೇಲೆ ಹೇಗೆ ಗೊತ್ತಾಯಿತು, ಅದನ್ನೇ ಪಾಠ ಮಾಡುತ್ತಾರೆ. ಲ್ಯಾಬಿನಲ್ಲಿ ಅಷ್ಟು ವರ್ಷ ಕೈಕೆಸರು ಮಾಡಿಕೊಂಡವರಿಗೆ ಮಾತ್ರ ಹೀಗೆ ಹೇಳಿಕೊಡಲು ಬರುತ್ತದೆ ಅಂತ ನನ್ನ ನಂಬಿಕೆ.

ಅವರ ಕಥೆಯನ್ನೂ ಸ್ವಲ್ಪ ಹೇಳಬೇಕು, ಅವರೇ ನಡುನಡುವೆ ಹೇಳಿದ್ದು. ಅವರು ಪಿಎಚ್‌ಡಿಗೆ ಸೇರಿದ್ದು 80ರ ದಶಕದ ನಡುವಿನಲ್ಲಿ. ಆಗ ಪಿ53 ಕ್ಯಾನ್ಸರ್ ತರುವ ಪ್ರೋಟೀನ್ ಅಂತಲೇ ಎಲ್ಲರೂ ಓದುತ್ತಿದ್ದರು. ಜೀವಕೋಶಕ್ಕೆ ಅದರ ಜೀನ್ ಸೇರಿಸಿದರೆ ಕೋಶ ಕ್ಯಾನ್ಸರಿನ ಹಾಗೆ ಬೆಳೆಯುತ್ತದೆ ಅಂತ ಕೆಲವು ಲ್ಯಾಬು ತೋರಿಸಿದ್ದವು. ಆದರೆ ಬೇರೆ ಕಡೆಯಿಂದ ತೆಗೆದ ಅದೇ ಜೀನಿನ ಪ್ರತಿ ಹಾಗೆ ಮಾಡುತ್ತಿರಲಿಲ್ಲ. ಯಾಕೆ ಅಂತ ಹುಡುಕಿದಾಗ ತಿಳಿದದ್ದು, ಕ್ಯಾನ್ಸರ್ ತಂದ ಪ್ರತಿಗಳೆಲ್ಲ ಎಲ್ಲೋ ಒಂದು ಕಡೆ ಕೆಟ್ಟಿದ್ದವು, ಸುಮ್ಮನಿದ್ದ ಪ್ರತಿಯೇ ನಿಜವಾದದ್ದು. 1989ರಲ್ಲಿ ಇಡೀ ಚಿತ್ರ ತಲೆಕೆಳಗಾಯಿತು. ಪಿ53 ಕ್ಯಾನ್ಸರ್ ತರುವುದಲ್ಲ, ತಡೆಯುವುದು. 10 ವರ್ಷ ಕಾವಲುಗಾರನನ್ನೇ ಕಳ್ಳ ಅಂದುಕೊಂಡಿದ್ದರು. ಮೇಡಂ ಅದನ್ನು ಓದಿದ್ದು ಟಾಟಾ ಇನ್‌ಸ್ಟಿಟ್ಯೂಟಿನ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಲೈಬ್ರರಿಯಲ್ಲಿ, ಪತ್ರಿಕೆ ಬಂದು ಸೇರುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಓದಿ ಮುಗಿಸಿ ಹೊರಗೆ ಬಂದು ಮರದ ಕೆಳಗೆ ಒಂದು ಗಂಟೆ ಕೂತಿದ್ದರಂತೆ. ಅವರ ಥೀಸಿಸ್ಸಿನ ಮೊದಲ ಅಧ್ಯಾಯ ಪೂರ್ತಿ ಮತ್ತೆ ಬರೆಯಬೇಕಿತ್ತು. "ಬೇಜಾರಾಗಿತ್ತಾ ಮೇಡಂ?" ಅಂತ ಒಬ್ಬ ಹುಡುಗಿ ಕೇಳಿದಳು. "ಇಲ್ಲಮ್ಮ, ಅವತ್ತೇ ನಾನು ಇದನ್ನ ಬಿಡಲ್ಲ ಅಂತ ಗೊತ್ತಾಗಿದ್ದು" ಅಂದರು.

ಆಮೇಲೆ ಕೆಲವು ವರ್ಷ ಹೊರದೇಶದಲ್ಲಿದ್ದು ವಾಪಸ್ ಬಂದು ಯೂನಿವರ್ಸಿಟಿ ಸೇರಿದರು. ಅಲ್ಲಿ 30 ಎಂ.ಎಸ್‌ಸಿ. ಮಕ್ಕಳಿಗೆ ಜೆಲ್ಲಿಗೆ ಕರೆಂಟ್ ಕೊಡುವ ಪವರ್ ಪ್ಯಾಕ್ ಒಂದೇ. ಜೆಲ್ ಅರ್ಧಕ್ಕೆ ಇಳಿದಾಗ ಕರೆಂಟ್ ಹೋಗುವುದು, ಗೆರೆಗಳು ಹರಡಿಕೊಂಡು ಮಂಕಾಗುವುದು, ಮತ್ತೆ ಮೊದಲಿನಿಂದ. ಒಂದು ಬೇಸಿಗೆಯಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಕೆಟ್ಟು, ರಿಪೇರಿಗೆ ಮಂಜೂರಾತಿ ಬರುವಷ್ಟರಲ್ಲಿ ಐದು ವರ್ಷದ ಸ್ಯಾಂಪಲ್ ಕರಗಿಹೋದವು. ಉಳಿದ ಒಂದಿಷ್ಟನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ತುಂಬಿ ಇಬ್ಬರು ವಿದ್ಯಾರ್ಥಿಗಳು ಆಟೋದಲ್ಲಿ ಬೇರೆ ಲ್ಯಾಬಿಗೆ ಒಯ್ದರು. ಇದನ್ನು ಹೇಳುವಾಗ ಮಾತ್ರ ಅವರ ದನಿ ಬದಲಾಯಿತು. ಆ ಇಬ್ಬರಲ್ಲಿ ಒಬ್ಬರು ಈಗ ತಾವೇ ಲ್ಯಾಬ್ ನಡೆಸುತ್ತಾರೆ, ಈ ಕ್ಲಾಸಿಗೆ ಜೆಲ್ ಪೆಟ್ಟಿಗೆ ಕೊಟ್ಟು ಕಳಿಸುವುದು ಅವರೇ.

ಮೂರನೇ ವಾರದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಪ್ರೋಟೀನ್ ಮಡಿಕೆಯ ಪಾಠ ಅದು. ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು 1963ರಲ್ಲಿ ಮದ್ರಾಸಿನಲ್ಲಿ ಮಾಡಿದ ಒಂದು ನಕ್ಷೆ ಇದೆ, ಸರದ ಯಾವ ತಿರುವು ಸಾಧ್ಯ, ಯಾವುದು ಸಾಧ್ಯವಿಲ್ಲ ಅಂತ ತೋರಿಸುವುದು, ಇವತ್ತಿಗೂ ಜಗತ್ತಿನ ಎಲ್ಲ ಕಡೆ ಪ್ರೋಟೀನ್ ರಚನೆ ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಅದನ್ನೇ ಬಳಸುತ್ತಾರೆ. ರಾಮಚಂದ್ರನ್ ಆಮೇಲೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೇ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇಷ್ಟು ನನಗೆ ಬಹಳ ಹಿಡಿಸಿತು. ಆದರೆ ನಕ್ಷೆ ವಿವರಿಸುವಾಗ ಮೇಡಂ ಕೋನ, ಡಿಗ್ರಿ ಅಂತ ಓಡಿಬಿಟ್ಟರು. ಪಿಯುಸಿಯಲ್ಲಿ ಸೈನ್ಸ್ ಓದಿದವರು ಮಾತ್ರ ತಲೆ ಆಡಿಸುತ್ತಿದ್ದರು. ನಾನೂ ಅಂಕಲ್ಲೂ ಕೈಚೆಲ್ಲಿ ಕೂತೆವು. ಮುಂದಿನ ವಾರ ಇದನ್ನು ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ, ನಮ್ಮ ಮೊಣಕೈ ಮತ್ತು ಮಣಿಕಟ್ಟು ತಿರುಗಿಸಲು ಹೇಳಿ, ಯಾವ ಕಡೆ ತಿರುಗುತ್ತದೆ, ಯಾವ ಕಡೆ ಮೂಳೆಗೆ ಮೂಳೆ ತಾಗಿ ನಿಲ್ಲುತ್ತದೆ ನೋಡಿ ಅಂತ 10 ನಿಮಿಷದಲ್ಲಿ ಅರ್ಥ ಮಾಡಿಸಿದರು. ಮೊದಲೇ ಹೀಗೆ ಮಾಡಿದ್ದರೆ ಚೆನ್ನಾಗಿತ್ತು. ಆ ವಾರವನ್ನು ಎರಡು ಭಾಗ ಮಾಡಿ ಅಂತ ಬರೆದುಕೊಟ್ಟು ಬಂದಿದ್ದೇನೆ.

ಆ ಮೂರನೇ ವಾರವೇ ವಿಜ್ಞಾನಿ ಕಮಲಾ ಸೊಹೊನಿ ಕಥೆಯನ್ನೂ ಹೇಳಿದರು. 1933ರಲ್ಲಿ ಬಾಂಬೆಯಿಂದ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಸೇರಬೇಕು ಅಂದಾಗ ಸಿ.ವಿ. ರಾಮನ್ ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದರು, ಆಕೆ ಜಗ್ಗಲಿಲ್ಲ, ಷರತ್ತಿನ ಮೇಲೆ ಸೇರಿ, ಒಂದು ವರ್ಷದಲ್ಲಿ ಕೆಲಸ ತೋರಿಸಿ ಅವರ ಮನಸ್ಸು ಬದಲಾಯಿಸಿದರು. ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನನಗೆ ಈ ವಯಸ್ಸಿನವರೆಗೆ ಇದನ್ನು ಯಾರೂ ಹೇಳಿರಲಿಲ್ಲ.

ನಾಲ್ಕನೇ ವಾರ ಪಿ53 ಕೆಲಸ ಮಾಡುವ ಬಗೆ. ಇದು ನನಗೆ ಕೂಡಲೇ ಹಿಡಿಯಿತು, ಬ್ಯಾಂಕಿನ ಕೆಲಸ ಮಾಡುವವಳಲ್ವಾ. ಆರೋಗ್ಯವಾಗಿರುವ ಕೋಶದಲ್ಲಿ ಪಿ53 ತಯಾರಾಗುತ್ತಲೇ ಇರುತ್ತದೆ, ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದಕ್ಕೆ ಗುರುತು ಹಚ್ಚಿ ಕಸಕ್ಕೆ ಕಳಿಸುತ್ತಲೇ ಇರುತ್ತದೆ. ಆಯಸ್ಸು ಕೆಲವೇ ನಿಮಿಷ. ಸುಮ್ನೆ ದಂಡ ಅನಿಸುತ್ತದೆ. ಆದರೆ ಡಿಎನ್‌ಎಗೆ ಪೆಟ್ಟು ಬಿದ್ದ ಕೂಡಲೇ ಕಸಕ್ಕೆ ಕಳಿಸುವುದು ನಿಲ್ಲುತ್ತದೆ, ಪಿ53 ತಕ್ಷಣ ತುಂಬಿಕೊಳ್ಳುತ್ತದೆ, ಹೊಸದಾಗಿ ಮಾಡುವ ತನಕ ಕಾಯಬೇಕಿಲ್ಲ. ನಾವು ಕೌಂಟರಿನಲ್ಲಿ ದಿನವೂ ಕ್ಯಾಶ್ ಇಟ್ಟುಕೊಂಡು ಸಂಜೆ ಮತ್ತೆ ಲಾಕರಿಗೆ ಕಳಿಸುವ ಹಾಗೆ. ತುಂಬಿಕೊಂಡ ಪಿ53 ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ, ರಿಪೇರಿ ಆಗುತ್ತಾ ನೋಡುತ್ತದೆ, ಆಗದಿದ್ದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಆನೆಯ ವಿಷಯ ಅವತ್ತೇ ಬಂತು. ಅಪ್ಪ ಅಮ್ಮ ಒಬ್ಬೊಬ್ಬರಿಂದ ನಮಗೆ ಬರುವುದು ಈ ಜೀನ್ ಒಂದು, ಆನೆಗೆ 20. ಅಷ್ಟೂ ಪೂರ್ತಿ ಕೆಲಸ ಮಾಡುತ್ತವೆ ಅಂತಲ್ಲ, ಹಲವು ಅರ್ಧಂಬರ್ಧ ಪ್ರತಿಗಳು. ಆದರೂ ಅಷ್ಟು ದೊಡ್ಡ ದೇಹ, ಅಷ್ಟು ಕೋಟಿ ಕೋಶ, ಅಷ್ಟು ವರ್ಷ ಬದುಕಿದರೂ ಆನೆಗೆ ಕ್ಯಾನ್ಸರ್ ಕಡಿಮೆ ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ 2015ರಲ್ಲಿ ಬರೆದರು. ದಸರಾ ಆನೆ ನೋಡಿದಾಗಲೆಲ್ಲ ನನಗೆ ಇನ್ನು ಇದೇ ನೆನಪು.

ಐದನೇ ವಾರ ಒಂದು ಹೆಸರಿನಿಂದ ಶುರುವಾಯಿತು. ಹೆನ್ರಿಯೆಟ್ಟಾ ಲ್ಯಾಕ್ಸ್. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡ ಕಪ್ಪು ಹೆಣ್ಣುಮಗಳು, ವಯಸ್ಸು 31. ಅವರನ್ನು ಒಂದು ಮಾತೂ ಕೇಳದೆ ತೆಗೆದುಕೊಂಡ ಗೆಡ್ಡೆಯ ಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿವೆ, ಹೀಲಾ ಅಂತ ಹೆಸರು. ಮೇಡಂ ಕೂಡ ಆ ಕೋಶಗಳಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು. ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್ಲಿನ ದಿನ, ಫ್ಲಾಸ್ಕ್ ಕೈಗೆ ಕೊಡುವ ಮೊದಲು ಮಕ್ಕಳಿಗೆ ಆಕೆಯ ಹೆಸರು, ಮನೆ, ಮಕ್ಕಳ ವಿಷಯ ಹೇಳುತ್ತಿದ್ದರಂತೆ. ನಮಗೂ ಹಾಗೆಯೇ ಹೇಳಿದರು. ಆ ಕೋಶಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಜೀನ್ ಇದೆ, ಅದರ ಇ6 ಎಂಬ ಪ್ರೋಟೀನ್ ಪಿ53ಯನ್ನು ಹಿಡಿದು ಕಸಕ್ಕೆ ಹಾಕಿಸುತ್ತದೆ. ಇಲ್ಲಿ ಪಿ53 ಜೀನ್ ಕೆಟ್ಟೇ ಇಲ್ಲ, ಮಣಿ ಎಲ್ಲ ಸರಿ ಇವೆ, ಆದರೂ ಕಾವಲುಗಾರ ಇಲ್ಲ. ನಮ್ಮ ಜೊತೆಗಿದ್ದ ಇಬ್ಬರು ಹೆಣ್ಣುಮಕ್ಕಳ ತಾಯಿ ಕೂಡಲೇ ಲಸಿಕೆಯ ಬಗ್ಗೆ ಕೇಳಿದರು. ವೈರಸ್ಸೇ ಒಳಗೆ ಬರದಂತೆ ತಡೆಯುವುದು ಲಸಿಕೆ, ಅದಕ್ಕೇ ಚಿಕ್ಕ ವಯಸ್ಸಿನಲ್ಲಿ ಹಾಕಿಸುವುದು, ಉಳಿದದ್ದು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ ಅಂದರು.

ಈ ಕೊನೇ ಮಾತು ಅವರ ಕ್ಲಾಸಿನ ಗಟ್ಟಿ ನಿಯಮ. ಯಾವ ಔಷಧ ತಗೋಬೇಕು, ಬಿಡಬೇಕಾ, ಇಂಥ ಆಸ್ಪತ್ರೆ ಹೇಗೆ, ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಒಬ್ಬರು ರಿಪೋರ್ಟ್ ಫೈಲ್ ತಂದು ಕೈಮುಗಿದು ಕೇಳಿದರು. ಮೇಡಂ ಅದರಲ್ಲಿನ ಪದಗಳ ಅರ್ಥ ಪಕ್ಕದಲ್ಲಿ ಕೂತು ಅರ್ಧ ಗಂಟೆ ಬಿಡಿಸಿ ಹೇಳಿದರು, ಏನು ಮಾಡಬೇಕು ಅಂತ ಮಾತ್ರ ಹೇಳಲಿಲ್ಲ, ಡಾಕ್ಟರಿಗೆ ಕೇಳಬೇಕಾದ ನಾಲ್ಕು ಪ್ರಶ್ನೆ ಬರೆದುಕೊಟ್ಟರು. ಕೆಲವರಿಗೆ ಇದರಿಂದ ನಿರಾಸೆ ಆಗಬಹುದು. ನನಗೆ ಇದರಿಂದಲೇ ಅವರ ಮೇಲೆ ನಂಬಿಕೆ ಹೆಚ್ಚಾಯಿತು.

ಆರನೇ ವಾರಕ್ಕೆ ನಾನು ಕಾಯುತ್ತಿದ್ದೆ. ಬಿಸಿಆರ್-ಎಬಿಎಲ್. ಮೇಡಂ ಎಲ್ಲರಿಗೂ ಒಂದೊಂದು ಕತ್ತರಿ, ಕ್ರೋಮೋಸೋಮ್ (ಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಕಡ್ಡಿಯಂಥ ಕಟ್ಟು) ಚಿತ್ರದ ಒಂದೊಂದು ಝೆರಾಕ್ಸ್ ಕೊಟ್ಟರು. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ಇಬ್ಬರು ಅಮ್ಮನ ಈ ಸಿಎಂಎಲ್ ಕಾಯಿಲೆ ಇರುವವರ ರಕ್ತದಲ್ಲಿ ಒಂದು ಕ್ರೋಮೋಸೋಮ್ ಗಿಡ್ಡ ಇರುವುದನ್ನು ಕಂಡಿದ್ದರು. ಉಳಿದ ತುಂಡು ಎಲ್ಲಿ ಹೋಯಿತು ಅಂತ 1973ರಲ್ಲಿ ಕಂಡುಹಿಡಿದವರು ಶಿಕಾಗೋದ ಜಾನೆಟ್ ರೌಲಿ, ಮನೆಯ ಊಟದ ಟೇಬಲ್ ಮೇಲೆ ಫೋಟೋಗಳನ್ನು ಕತ್ತರಿಸಿ ಜೋಡಿಸಿ ಜೋಡಿಸಿ ನೋಡುತ್ತಿದ್ದವರು. ನಾವೂ ಹಾಗೇ ಕತ್ತರಿಸಿದೆವು, ಜೋಡಿಸಿದೆವು. 22ನೇ ಕ್ರೋಮೋಸೋಮಿನ ತುಂಡು 9ನೆಯದಕ್ಕೆ ಹೋಗಿದೆ, 9ರ ತುಂಡು 22ಕ್ಕೆ ಬಂದಿದೆ. ಕೂಡಿಕೊಂಡ ಜಾಗದಲ್ಲಿ ಎರಡು ಜೀನ್ ಅಂಟಿಕೊಂಡು ಹಿಂದೆಂದೂ ಇಲ್ಲದ ಒಂದು ಪ್ರೋಟೀನ್ ಹುಟ್ಟುತ್ತದೆ. ಎಬಿಎಲ್ ಒಂದು ಸ್ವಿಚ್ಚಿದ್ದ ಹಾಗೆ, ಬೇಕಾದಾಗ ಆನ್ ಆಗಿ ಆಮೇಲೆ ಆಫ್ ಆಗಬೇಕು. ಬಿಸಿಆರ್ ಅಂಟಿಕೊಂಡಮೇಲೆ ಅದು ಆಫ್ ಆಗುವುದೇ ಇಲ್ಲ, ಬಿಳಿ ರಕ್ತಕಣ ಬೆಳೆಯುತ್ತಲೇ ಹೋಗುತ್ತದೆ.

ಆಮೇಲೆ ಮಾತ್ರೆ. ಎಬಿಎಲ್ ಪ್ರೋಟೀನಿನಲ್ಲಿ ಒಂದು ಸಣ್ಣ ಗೂಡಿದೆ, ಅಲ್ಲಿ ಎಟಿಪಿ ಎಂಬ ಇಂಧನ ಬಂದು ಕೂತರೆ ಮಾತ್ರ ಕೆಲಸ. ಇಮಾಟಿನಿಬ್ ಆ ಗೂಡಿನಲ್ಲಿ ತಾನು ಹೋಗಿ ಕೂರುತ್ತದೆ. ವಠಾರದಲ್ಲಿ ಚಿಕ್ಕವರಿದ್ದಾಗ ಬೀಗದ ತೂತಿಗೆ ಬೆಂಕಿಕಡ್ಡಿ ಮುರಿದು ಹಾಕುತ್ತಿದ್ದೆವಲ್ಲ, ಬೀಗದಕೈ ಆಮೇಲೆ ಒಳಗೆ ಹೋಗುವುದಿಲ್ಲ, ಹಾಗೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ನಮ್ಮ ದೇಶದಲ್ಲಿ ಕಂಪನಿ ಕೇಳಿದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ತಿಂಗಳಿಗೆ ಲಕ್ಷ ದಾಟುತ್ತಿದ್ದ ಮಾತ್ರೆಯ ಜಾಗದಲ್ಲಿ ನಮ್ಮವರೇ ಮಾಡುವ ಅಗ್ಗದ ಮಾತ್ರೆ ಉಳಿಯಿತು. ಅಮ್ಮ ನುಂಗುವುದು ಅದನ್ನೇ. ಗೂಡಿನ ಬಾಗಿಲಲ್ಲಿರುವ 315ನೇ ಮಣಿ ಬದಲಾದರೆ ಈ ಮಾತ್ರೆ ಕೂರುವುದಿಲ್ಲ, ಆಗ ಪೊನಾಟಿನಿಬ್‌ನಂಥ ಬೇರೆ ಔಷಧ ಬೇಕಾಗುತ್ತದೆ ಅಂತಲೂ ಹೇಳಿದರು. ಅದನ್ನು ಕೇಳಿ ಸ್ವಲ್ಪ ಹೆದರಿಕೆ ಆಯಿತು, ನಿಜ ಹೇಳುತ್ತೇನೆ. ಆದರೆ ಗೊತ್ತಿದ್ದು ಹೆದರುವುದಕ್ಕೂ ಏನೂ ಗೊತ್ತಿಲ್ಲದೆ ಹೆದರುವುದಕ್ಕೂ ಬಹಳ ವ್ಯತ್ಯಾಸ ಇದೆ.

ಬಿಡುವಿನಲ್ಲಿ ಅಮ್ಮನ ರಿಪೋರ್ಟ್ ತೋರಿಸಿದೆ. 0.08 ಅಂತಿತ್ತು. ನೂರು ಕಣದಲ್ಲಿ ಇಷ್ಟು ಕೆಟ್ಟಿವೆ ಅಂತ ನಾನು ಆರು ವರ್ಷ ತಿಳಿದಿದ್ದೆ. ಹಾಗಲ್ಲವಂತೆ. ಆ ಪ್ರೋಟೀನ್ ಮಾಡಲು ಕೋಶ ಬರೆದುಕೊಳ್ಳುವ ಚೀಟಿಗಳಿರುತ್ತವೆ, ಆರ್‌ಎನ್‌ಎ, ಅವನ್ನು ಇನ್ನೊಂದು ಮಾಮೂಲಿ ಜೀನಿನ ಚೀಟಿಗಳ ಜೊತೆ ಹೋಲಿಸಿ ಎಣಿಸುವ ಲೆಕ್ಕ ಇದು. ಶುರುವಿನ ಮಟ್ಟವನ್ನು 100 ಅಂತ ಇಟ್ಟುಕೊಂಡರೆ 0.1 ಅಂದರೆ ಸಾವಿರ ಪಟ್ಟು ಇಳಿದಿದೆ. ಅದಕ್ಕಿಂತ ಕೆಳಗಿರುವುದನ್ನು ಡಾಕ್ಟರುಗಳು ಒಳ್ಳೆಯ ಘಟ್ಟ ಅನ್ನುತ್ತಾರೆ. ಮೇಡಂ ಪೆನ್ಸಿಲಿನಲ್ಲಿ ನನ್ನ ನೋಟ್‌ಬುಕ್ಕಿನ ಮೂಲೆಯಲ್ಲಿ ಒಂದರ ಮುಂದೆ ಮೂರು ಸೊನ್ನೆ ಬರೆದು ತೋರಿಸಿದರು. ಆ ಪುಟ ಇನ್ನೂ ಹಾಗೇ ಇದೆ.

ಏಳನೇ ವಾರ ಎಚ್‌ಇಆರ್2 ಎಂಬ ಪ್ರೋಟೀನ್ ಮತ್ತು ಸ್ತನ ಕ್ಯಾನ್ಸರ್. ಚೆನ್ನಾಗಿತ್ತು, ಆದರೆ ಸ್ಲೈಡುಗಳಲ್ಲಿ ಅರ್ಧ ಇಂಗ್ಲಿಷ್ ಇತ್ತು. ಎಂಟನೇ ವಾರ ಪ್ರಶ್ನೆಗಳು ಮಾತ್ರ, ಮಧ್ಯಾಹ್ನ 2 ಗಂಟೆ ಆದರೂ ಯಾರೂ ಏಳಲಿಲ್ಲ.

ಹೋಗುವವರಿಗೆ ಕೆಲವು ವಿಷಯ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಸಂಪಿಗೆ ರೋಡ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ನಡೆಯಿರಿ. ಮಹಡಿ ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ, ಹಿಡಿಕೆ ಒಂದೇ ಕಡೆ ಇದೆ. ಮೇ ತಿಂಗಳಲ್ಲಿ ಮೇಲೆ ಬಹಳ ಸೆಕೆ, ಫ್ಯಾನ್ ಎರಡೇ. ನೋಟ್ಸ್ ಝೆರಾಕ್ಸ್ ಮಸುಕಾಗಿತ್ತು, ಮೂರನೇ ಮತ್ತು ಏಳನೇ ವಾರದ್ದಂತೂ ಓದಲಾಗಲಿಲ್ಲ. ರೆಕಾರ್ಡಿಂಗ್ ಕೊಡುವುದಿಲ್ಲ, ಒಂದು ವಾರ ತಪ್ಪಿದರೆ ತಪ್ಪಿದಂತೆಯೇ. 12:30ಕ್ಕೆ ಮುಗಿಯುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ, ಒಂದು ಗಂಟೆ ಆಗಿಯೇ ಆಗುತ್ತದೆ. ಕಾಫಿ ಮಾತ್ರ ಒಳ್ಳೆಯ ಫಿಲ್ಟರ್ ಕಾಫಿ. ಬೇಗ ಬಂದರೆ ಮಾರ್ಗೋಸಾ ರೋಡಿನಲ್ಲಿ ವೀಣಾ ಸ್ಟೋರ್ಸಿನ ಇಡ್ಲಿ ತಿಂದು ಹೋಗಬಹುದು, ನಾವು ನಾಲ್ಕು ಜನ ಪ್ರತಿ ವಾರ ಅದೇ ಮಾಡಿದ್ದು.

ದುಡ್ಡಿನ ವಿಷಯಕ್ಕೆ ಬಂದರೆ, ವಾರಕ್ಕೆ 300 ರೂಪಾಯಿ ಬಿತ್ತು. ಇಂಥವರ ಎದುರು ಕೂತು ಎರಡೂವರೆ ಗಂಟೆ ಕಲಿಯುವುದಕ್ಕೆ ಇದು ಬಹಳ ಕಡಿಮೆ. 5ಕ್ಕೆ ನಾಲ್ಕೂವರೆ ಕೊಡುತ್ತೇನೆ, ಮೂರನೇ ವಾರಕ್ಕಾಗಿ ಅರ್ಧ ಕಳೆದಿದ್ದೇನೆ.

ಆರನೇ ವಾರದ ಕ್ಲಾಸಿನ ದಿನ ರಾತ್ರಿ ಊಟ ಆದಮೇಲೆ ಅಮ್ಮನ ಪಕ್ಕ ಕೂತು ಆ ಕತ್ತರಿಸಿದ ಕಾಗದದ ತುಂಡುಗಳನ್ನು ಮಂಚದ ಮೇಲೆ ಹರಡಿದೆ. 9 ಇದು, 22 ಇದು, ಇಲ್ಲಿ ಅದಲುಬದಲಾಗಿದೆ ಅಂತ ತೋರಿಸಿದೆ. ಬೀಗದ ತೂತಿಗೆ ಬೆಂಕಿಕಡ್ಡಿ ಅಂದಾಗ ಅಮ್ಮ ನಕ್ಕರು, ನಾವು ವಠಾರದಲ್ಲಿ ಮಾಡಿದ್ದು ಅವರಿಗೂ ನೆನಪಿತ್ತು. "ಹಾಗಾದ್ರೆ ಒಂದು ದಿನ ಮಾತ್ರೆ ಮರೆತ್ರೆ ಕಡ್ಡಿ ಬಿದ್ದುಹೋಗುತ್ತಾ?" ಅಂತ ಕೇಳಿದರು. ಆರು ವರ್ಷದಲ್ಲಿ ಅಮ್ಮ ತಮ್ಮ ಕಾಯಿಲೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅದನ್ನು ಹಾಗೇ ಬರೆದುಕೊಂಡು ಹೋಗಿ ಎಂಟನೇ ವಾರ ಓದಿ ಹೇಳಿದೆ. ಮೇಡಂ ಇದು ಒಳ್ಳೆಯ ಪ್ರಶ್ನೆ ಅಂತ ಬೋರ್ಡಿನ ಮೇಲೆ ಬರೆದು, ಮಾತ್ರೆ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ದಿನ ದಿನಕ್ಕೂ ಯಾಕೆ ಬೇಕು ಅಂತ 20 ನಿಮಿಷ ಮಾತಾಡಿದರು. ಮುಂದಿನ ಬ್ಯಾಚಿಗೆ ಅಮ್ಮನ ಹೆಸರು ಕೊಟ್ಟಿದ್ದೇನೆ. ಮೆಟ್ಟಿಲು ಹತ್ತಲು ಆಗದಿದ್ದರೆ ಕೆಳಗಿನ ಹಾಲಿನಲ್ಲೇ ಕ್ಲಾಸ್ ಇಟ್ಟುಕೊಳ್ಳೋಣ ಅಂದಿದ್ದಾರೆ ಮೇಡಂ.